ಆಂಜನೇಯನನ್ನು ಲಾರಿಗೆ ಏರಿಸಿದ ಕೂಗು

ನನ್ನ ದೊಡ್ಡಪ್ಪನಿಗೆ,

ನೀನು ಮುಗಿಸದೆ ಬಿಟ್ಟುಹೋದ ನಂಗಲಿ ಊರಿನವರ ಕಲ್ಲಿನ ಆಂಜನೇಯ ಮುಗಿದ. ಬಾಲದ ತುದಿ ನನ್ನದು, ಉಳಿದದ್ದೆಲ್ಲ ನಿನ್ನದೇ. ಆದರೆ ಅವನನ್ನು ಲಾರಿಗೆ ಏರಿಸಿದ್ದು ಹೇಗೆ ಅಂತ ನಿನಗೆ ಹೇಳದೆ ಹೇಗಿರಲಿ?

ನೆನಪಿದೆಯಾ, ಮಾಲೂರಿನ ಕಾಲೇಜು ಮುಗಿಸಿ ಬಂದವಳು ನಿನ್ನ ಕೆತ್ತನೆ ಶೆಡ್ಡಿನ ಮೂಲೆಯಲ್ಲಿ ಫೋನ್ ಹಿಡಿದು ಸ್ಪ್ಯಾನಿಷ್ ಕಲಿಯುತ್ತಿದ್ದೆ. ಶಿವಾರಪಟ್ಟಣದಲ್ಲಿ ಆ ಭಾಷೆ ಯಾರಿಗೆ ಬೇಕು ಅಂತ ಅಮ್ಮ ಬೈಯುತ್ತಿದ್ದಳು. ನೀನು ಮಾತ್ರ ಉಳಿ ಕೆಳಗಿಟ್ಟು ಕೇಳಿದೆ, "ಎತ್ತು ಅನ್ನೋಕೆ ಅದ್ರಲ್ಲಿ ಏನಂತಾರೇ?"

"ಲೆವಾಂತಾ."

"ಅದು ಒಬ್ಬನಿಗೋ, ಎಲ್ರಿಗೋ?"

ಒಬ್ಬನಿಗೆ ಅಂದೆ.

"ಒಬ್ಬನ ಕೈಲಿ ಯಾವ ಕಲ್ಲು ಏಳ್ತದೆ? ಎಲ್ರಿಗೂ ಹೇಳೋದು ಕಲ್ತ್ಕೊಳ್ಳೇ ಮೊದ್ಲು."

ನಕ್ಕುಬಿಟ್ಟೆ. ಆದರೆ ಮುಂದಿನ ಪಾಠಗಳನ್ನು ಹುಡುಕಿ ಅವತ್ತೇ ಕಲಿತೆ. ಎಲ್ಲರೂ ಎತ್ತಿ ಅನ್ನಲು ಲೆವಾಂತೆನ್, ನಿಲ್ಲಿ ಅನ್ನಲು ಪಾರೆನ್, ಇಳಿಸಿ ಅನ್ನಲು ಬಾಹೆನ್.

ಕಲ್ಲು ಎತ್ತಿಸುವಾಗ ನೀನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ಎತ್ತಿ, ನಿಲ್ಲಿ, ಇಳಿಸಿ ಅಂತ ಕೂಗುವವನು ಕಲ್ಲು ಮುಟ್ಟಬಾರದು, ಬೇರೆ ಯಾರೂ ಬಾಯಿ ಬಿಡಬಾರದು. "ಕಲ್ಲು ನೋಡ್ಬೇಡ, ಜನರ ಕಾಲು ನೋಡು. ಕಲ್ಲು ಹೋದ್ರೆ ಇನ್ನೊಂದು ಕೆತ್ತಬಹುದು" ಅಂತ ನನಗೂ ಹೇಳಿಕೊಟ್ಟೆ. ಹೆಣ್ಣು ದನಿಗೆ ಕಲ್ಲು ಏಳಲ್ಲ ಅಂತ ನಿನ್ನ ಹಳೇ ಜೊತೆಗಾರ ಮುನಿಯಪ್ಪಣ್ಣ ಗೊಣಗಿದರೂ ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನೀನೇ ತೀರಿಹೋದಾಗ, ಕೂಗುವ ಆ ಜಾಗ ಮುನಿಯಪ್ಪಣ್ಣನಿಗೇ ಹೋಯಿತು.

ಈ ವರ್ಷ ಮೆಕ್ಸಿಕೋದಿಂದ ಮೂವರು ಶಿಲ್ಪಿಗಳು ನಮ್ಮ ಶೆಡ್ಡಿಗೆ ಕೆಲಸ ಕಲಿಯಲು ಬಂದರು. ಕ್ರೇನ್ ನಮ್ಮ ಓಣಿಗೆ ನುಗ್ಗುವುದಿಲ್ಲವಲ್ಲ, ಆಂಜನೇಯ ಹೊರಡುವ ದಿನ ಆಳು ಸಾಲದೆ ಅವರೂ ಕಲ್ಲು ಕಟ್ಟಿದ ಬೊಂಬಿಗೆ ಹೆಗಲು ಕೊಟ್ಟರು. ಮೊದಲು ಒಂದು ಸಾದಾ ಕಲ್ಲು ಎತ್ತಿ ನೋಡಿದೆವು. ಮುನಿಯಪ್ಪಣ್ಣ ಕನ್ನಡದಲ್ಲಿ ಕೂಗಿದ, ಅವನ ಹಿಂದೆಯೇ ನಾನು ಸ್ಪ್ಯಾನಿಷ್‌ನಲ್ಲಿ. ನಮ್ಮವರು ಎತ್ತಿಬಿಟ್ಟರು, ಆ ಮೂವರು ಇನ್ನೂ ಬಗ್ಗಿಯೇ ಇದ್ದರು. ಕಲ್ಲು ವಾಲಿ ಧಡಾರನೆ ಬಿತ್ತು. ನಿನ್ನ ಪುಣ್ಯ, ಯಾರ ಕಾಲೂ ಅದರ ಕೆಳಗೆ ಸಿಗಲಿಲ್ಲ.

ಮುನಿಯಪ್ಪಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ, "ಎರಡು ಬಾಯಿ ಆಗಲ್ಲಮ್ಮ. ಅವ್ರು ಮನೆಗೆ ಬಂದೋರು, ಅವ್ರ ಮಾತು ನಮಗೇ ಹೇಳ್ಕೊಡು. ನೀನೊಬ್ಳೇ ಕೂಗು" ಅಂದ. ಟೀ ಕುಡಿದು ಮುಗಿಸುವಷ್ಟರಲ್ಲಿ ಆ ಮೂರು ಮಾತೂ ನಮ್ಮವರೆಲ್ಲರ ಬಾಯಿಗೆ ಬಂದವು.

ಕೈ ಹಿಂದೆ ಕಟ್ಟಿ ನಿಂತೆ. ಲೆವಾಂತೆನ್ ಅಂದೆ. ಆಂಜನೇಯ ಎದ್ದ! ಲಾರಿಯ ಹಲಗೆಯ ಮೇಲೆ ಆ ಮೂವರಲ್ಲಿ ಒಬ್ಬನ ಕಾಲು ಜಾರಿದ್ದು ತಕ್ಷಣ ಕಂಡಿತು, ನಾನು ಕಾಲೇ ನೋಡುತ್ತಿದ್ದೆನಲ್ಲ. "ಪಾರೆನ್!" ಅಂದೆ. ಎಲ್ಲರೂ ಒಟ್ಟಿಗೆ ನಿಂತರು. ಅವನು ಪಾದ ಊರಿದ ಮೇಲೆಯೇ ಮುಂದಕ್ಕೆ ಬಿಟ್ಟೆ. ಬಾಹೆನ್ ಅನ್ನುವುದನ್ನು ಮಾತ್ರ ನೀನು ಇಳಿಸಿ ಅನ್ನುತ್ತಿದ್ದ ಹಾಗೆಯೇ ಮೆತ್ತಗೆ ಅಂದೆ, ಆಂಜನೇಯ ಲಾರಿಯಲ್ಲಿ ಹಾಸಿದ್ದ ಹುಲ್ಲಿನ ಮೇಲೆ ಕೂತ. ಅಳು ಬಂದುಬಿಟ್ಟಿತು ದೊಡ್ಡಪ್ಪ. ನೀನು ಅವತ್ತು ಉಳಿ ಕೆಳಗಿಟ್ಟು ಆ ಮಾತು ಕೇಳದೇ ಇದ್ದಿದ್ದರೆ...

ಆ ಮೂವರೂ ಈಗ ಅವರ ಊರಿಗೆ ಹೋಗಿದ್ದಾರೆ. ನಿನ್ನೆ ಮಾಸ್ತಿ ಊರಿನವರ ಕಲ್ಲಿನ ಬಸವಣ್ಣನನ್ನು ಎತ್ತಬೇಕಿತ್ತು. ಇದ್ದವರೆಲ್ಲ ನಮ್ಮವರೇ, ಮುನಿಯಪ್ಪಣ್ಣನೇ ಕನ್ನಡದಲ್ಲಿ ಕೂಗಲಿ ಅಂತ ನಾನು ಪಕ್ಕಕ್ಕೆ ಸರಿದೆ. ಅವನು ಬೊಂಬಿಗೆ ಹೆಗಲು ಕೊಟ್ಟವನು ತಲೆಯೆತ್ತಲೇ ಇಲ್ಲ.

"ಎಲ್ಲೋದೆ? ನೀನು ಕೂಗ್ದೆ ಹೆಂಗೆ ಎತ್ತೋದು? ಲೆವಾಂತೆನ್ ಅನ್ನಮ್ಮ, ಕಾಯ್ತಾ ಇದೀವಿ."

ನಿನ್ನ
ರತ್ನ