ಏಳನೇ ಪಂಜರದ ಉಪವಾಸ

ಡಾಕ್ಟರಮ್ಮನವರಿಗೆ ನಿಮ್ಮ ಲ್ಯಾಬಿನ ಇಲಿಗಳಿಗೆ ತಿನಿಸು ಹಾಕುವ ಇಲಿಮನೆ ಮಾಮನ ನಮಸ್ಕಾರ.

ಎದುರಿಗೆ ನಿಂತು ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊನ್ನೆ ನೀವು ಓಡಿಬಂದು, "ಮಾಮ, ರಿಸೆಪ್ಟರ್ ಇಲ್ಲದ ಇಲಿಗಳು ಬದುಕ್ಕೊಂಡ್ವು! ಲಿವರ್‌ಗೆ ಏನೂ ಆಗಿಲ್ಲ!" ಎಂದಿರಿ. ರಿಸೆಪ್ಟರ್ ಅಂದರೆ ಜೀವಕೋಶದ ಬಾಗಿಲಲ್ಲಿ ಕೂತು ಹೊರಗಿನ ಸುದ್ದಿಯನ್ನು ಒಳಕ್ಕೆ ಕೂಗುವುದು ಎಂದು ಹೇಳಿಕೊಟ್ಟವರೂ ನೀವೇ. "ಹಾಗಾದ್ರೆ ನಮ್ಮ ಮನೆಯವಳೇ ಬಿಡಿ" ಎಂದು ಆವತ್ತು ನಗಿಸಿದ್ದೆ. ಮೊನ್ನೆ ನನಗೆ ನಗು ಬರಲಿಲ್ಲ, ನಿಮ್ಮ ಮಾತು ಮೀರಿದ ಅಳುಕು ಒಳಗಿತ್ತು.

ಜ್ವರದ ಮಾತ್ರೆಯ ಔಷಧಿಯನ್ನು ಲಿವರ್ ಕೆಡುವಷ್ಟು ಚುಚ್ಚುವ ಹಿಂದಿನ ಸಂಜೆ ಎಲ್ಲ ಇಲಿಗೂ ಉಪವಾಸ ಎಂದು ಚೀಟಿ ಅಂಟಿಸಿದ್ದಿರಿ. ಏಳನೇ ಪಂಜರದಲ್ಲಿದ್ದವು ಆ ರಿಸೆಪ್ಟರ್ ಇಲ್ಲದವು, ಮೊದಲೇ ಬಡಕಲು. ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದವು. ನೋಡಲಾಗದೆ ಅವಕ್ಕೆ ಮಾತ್ರ ಒಂದು ಹಿಡಿ ತಿನಿಸು ಹಾಕಿಬಿಟ್ಟೆ. ಹೊಟ್ಟೆ ತುಂಬಿದ ಇಲಿಗೆ ಆ ಔಷಧಿಯ ವಿಷ ಅಷ್ಟಾಗಿ ತಾಗುವುದಿಲ್ಲವೆಂದು ನಿಮ್ಮ ಶಿಷ್ಯೆ ನಿನ್ನೆ ಯಾರಿಗೋ ಹೇಳುತ್ತಿದ್ದಳು. ಹಾಗಾದರೆ ಅವು ಬದುಕಿದ್ದು ರಿಸೆಪ್ಟರ್ ಇಲ್ಲದ್ದಕ್ಕಲ್ಲ, ನಾನು ಹಾಕಿದ ತಿನಿಸಿನಿಂದಲೇ ಇರಬೇಕು.

ಸೋಮವಾರ ಆ ಇಲಿಗಳ ವರದಿಯನ್ನು ಪತ್ರಿಕೆಗೆ ಕಳಿಸಬೇಡಿ. ಮೂರು ವರ್ಷದ ಕೆಲಸ ಎಂದು ಗೊತ್ತು. ಊಟ ಮರೆತು ಕೂತ ನಿಮ್ಮ ಮುಂದೆ ಡಬ್ಬಿ ಬಿಚ್ಚಿಟ್ಟು ಬೈದವನು ನಾನೇ ಅಲ್ಲವೇ? ನನ್ನನ್ನು ಕೆಲಸದಿಂದ ತೆಗೆದರೂ ಬೇಸರವಿಲ್ಲ. ಸುಳ್ಳು, ಬೇಸರವಿದೆ, ಆದರೂ ನಿಮ್ಮ ಹೆಸರಿಗೆ ಮಸಿ ಹತ್ತಬಾರದು.

ಮತ್ತೆ ಮಾಡುವುದಾದರೆ, ಉಪವಾಸದ ಸಂಜೆ ತಿನಿಸಿನ ಕೋಣೆಯ ಬೀಗದಕೈ ನನ್ನಿಂದ ಇಸಿದುಕೊಳ್ಳಿ. ಇನ್ನು ಹಾಕುವುದಿಲ್ಲ ಎಂದು ಆಣೆ ಮಾಡಬಲ್ಲೆ. ಆದರೆ ಅವು ಹಾಗೆ ನೋಡಿದರೆ ಏನು ಮಾಡುತ್ತೇನೋ, ನನಗೇ ನಂಬಿಕೆಯಿಲ್ಲ.

ನಿಮ್ಮ
ಇಲಿಮನೆ ಮಾಮ