ಶಿರಹಟ್ಟಿಯ ಹೆಪ್ಪು

ನಡೆಯೂರು
ಮುಳುಗದ ತಿಂಗಳ ನಲವತ್ತೇಳನೆಯ ದಿನ, ೨೩೧೪

ಕಾದಂಬರಿ ಬರೆದ ತಾಯಿಗೆ ಫಕ್ಕೀರೇಶನ ಶರಣು.

ತಿಂಗಳಿಗೆ ನಲವತ್ತೇಳನೆಯ ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನಾವಿರುವ ಉತ್ತರದ ತುದಿಯಲ್ಲಿ ಬೇಸಿಗೆಯ ಸೂರ್ಯ ಮುಳುಗುವುದಿಲ್ಲ. ಅವನು ಮುಳುಗುವ ತನಕ ಒಂದೇ ತಿಂಗಳು ಎಂದು ಹಿರಿಯರು ಕಟ್ಟಳೆ ಮಾಡಿಟ್ಟರು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಊರ ಶಾಲೆಯಲ್ಲಿ ಏಳನೆಯ ತನಕ ಓದಿದವನು ನಾನು. ಆದರೂ ಇಲ್ಲಿನ ಒಂಬೈನೂರು ಜನರಲ್ಲಿ ನಿಮ್ಮ ಕಾಲದ ಅಕ್ಷರ ತಡವರಿಸದೆ ಓದುವವನು ನಾನೊಬ್ಬನೇ. ಇದು ಜಂಭವಲ್ಲ. ಬೇಕಾದರೆ ಯಾರನ್ನಾದರೂ ಕೇಳಿ, ಎಲ್ಲರಿಗೂ ನಾನೇ ಹೇಳಿದ್ದೇನೆ.

ನಡೆಯೂರು ಅಂದರೆ ನಡೆಯುವ ಊರು. ಇಲ್ಲಿ ಹಿಮ ಕರಗಿ ನೆಲ ಕುಸಿಯುತ್ತಲೇ ಇರುತ್ತದೆ, ಅದಕ್ಕೆ ಊರಿಗೇ ಗಾಲಿ ಕಟ್ಟಿದ್ದಾರೆ. ವರ್ಷಕ್ಕೆ ಎರಡು ಸಲ ಮನೆ, ಶಾಲೆ, ಇಪ್ಪತ್ತೊಂದು ಗಿಡ್ಡ ಹಸುಗಳ ಕೊಟ್ಟಿಗೆ ಎಲ್ಲವೂ ಗಟ್ಟಿ ನೆಲ ಹುಡುಕಿಕೊಂಡು ಹೊರಡುತ್ತವೆ. ಆ ದಿನ ಒಲೆ ಹಚ್ಚುವಂತಿಲ್ಲ, ರೊಟ್ಟಿ ಹಿಂದಿನ ದಿನವೇ ಬಡಿದಿಟ್ಟುಕೊಳ್ಳಬೇಕು. ಕಿಟಕಿಯಾಚೆ ಬೆಟ್ಟ ಬದಲಾಗುತ್ತದೆ, ಪಕ್ಕದ ಮನೆ ಮಾತ್ರ ಅದೇ ಇರುತ್ತದೆ. ನಮ್ಮ ಹಿರಿಯರು ಶಿರಹಟ್ಟಿ ಕಡೆಯವರು. ಪಕ್ಕದ ಮನೆಯ ಐಗೆರಿಮಕ್ಕನ ಹಿರಿಯರು ಕಜಕ್ ಹುಲ್ಲುಗಾವಲಿನವರು. ಅಕ್ಕನ ಕನ್ನಡ ನನ್ನ ಕನ್ನಡಕ್ಕಿಂತ ಖಾರ.

ನಿಮ್ಮ ಪುಸ್ತಕ ನನ್ನ ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ರಟ್ಟು ಹರಿದು ಹೋಗಿದೆ. ಪುಸ್ತಕದ ಹೆಸರೂ ಇಲ್ಲ, ನಿಮ್ಮ ಹೆಸರೂ ಇಲ್ಲ. ಊರ ಊಟದಮನೆಯಲ್ಲಿ ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಿದೆ. ನರ್ಸ್ ಕೆಲಸಕ್ಕೆಂದು ಪರದೇಶಕ್ಕೆ ಹೋದ ನಿಮ್ಮ ವಿಮಲಾಕ್ಷಿಯನ್ನು ಅಲ್ಲಿನವರು ನೀನು ನಿಜವಾಗಿ ಎಲ್ಲಿಯವಳು ಎಂದು ಕೇಳುತ್ತಾರೆ. ರಜೆಗೆ ತವರಿಗೆ ಬಂದರೆ ಊರವರು ನೀನೀಗ ಅಲ್ಲಿಯವಳಾದೆ ಬಿಡು ಎನ್ನುತ್ತಾರೆ. ಬಯ್ಯಲು ಒಬ್ಬರೂ ಸಿಗದೆ ಅವಳು ಕುಕ್ಕರಿಗೇ ಕನ್ನಡದಲ್ಲಿ ಬಯ್ಯುವ ಅಧ್ಯಾಯಕ್ಕೆ ಕನ್ನಡ ಅರೆಬರೆ ಬಲ್ಲವರೂ ಕಣ್ಣೊರೆಸಿಕೊಂಡರು. ಅದರಲ್ಲಿ ಅರ್ಧ ಕೀರ್ತಿ ನಿಮ್ಮದು, ಇನ್ನರ್ಧ ನನ್ನ ದನಿಯದು.

ಎಡವಟ್ಟಾದದ್ದು ಕೊನೆಯ ಪುಟದಲ್ಲಿ. ವಿಮಲಾಕ್ಷಿ ಬಾಗಿಲ ಮೇಲಿನ ತನ್ನ ಹೆಸರಿನ ಹಲಗೆ ಕಿತ್ತು, ನಾನು ಎಲ್ಲಿಯವಳೂ ಅಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಅದನ್ನು ಎಷ್ಟು ಚೆನ್ನಾಗಿ ಓದಿದೆನೆಂದರೆ ನಮ್ಮ ತುಂಗವ್ವ ನಂಬಿಬಿಟ್ಟಳು.

ತುಂಗವ್ವ ನನ್ನ ಅಣ್ಣನ ಮಗಳು. ಅಣ್ಣ ಅತ್ತಿಗೆ ತೀರಿಕೊಂಡ ಮೇಲೆ ನಾನೇ ಬೆಳೆಸಿದೆ. ಹದಿನೆಂಟಕ್ಕೆ ಅವಳಿಗೆ ದೂರದ ಇನ್ನೊಂದು ನಡೆಯೂರಿನ ದನದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಮ್ಮಲ್ಲಿ ಊರು ಬಿಡುವವರು ಮನೆಯ ಹೆಪ್ಪನ್ನು ಡಬ್ಬಿಯಲ್ಲಿ ಹಾಕಿ, ಆರದಂತೆ ಎದೆಗೆ ಕಟ್ಟಿಕೊಂಡು ಒಯ್ಯಬೇಕು. ಒಯ್ಯದೆ ಹೋದವರಿದ್ದಾರೆ. ಅವರ ಪತ್ರ ಎರಡು ವರ್ಷ ಬರುತ್ತದೆ, ಆಮೇಲೆ ನಿಲ್ಲುತ್ತದೆ. ನಮ್ಮ ಮನೆಯದಂತೂ ಶಿರಹಟ್ಟಿಯಿಂದ ಏಳು ತಲೆಮಾರು ಮುರಿಯದೆ ಬಂದ ಹೆಪ್ಪು. ಬಂದ ಅತಿಥಿಗಳಿಗೆಲ್ಲ ಆ ಏಳು ತಲೆಗಳ ಹೆಸರು ಒಪ್ಪಿಸದೆ ನಾನು ಮೊಸರು ಬಡಿಸಿದವನಲ್ಲ.

ಹೊರಡುವ ಹಿಂದಿನ ದಿನ ಅವಳು ಡಬ್ಬಿಯನ್ನು ನನ್ನ ಮುಂದೆ ತಂದಿಟ್ಟಳು.

“ಒಯ್ಯಂಗಿಲ್ಲ ಕಾಕಾ. ಶಿರಹಟ್ಟಿ ನಾ ಕಂಡಿಲ್ಲ, ನೀನೂ ಕಂಡಿಲ್ಲ. ಕಾಣದ ಊರಿನ ಮೊಸರು ಹೊತ್ಕೊಂಡು ನಾ ಯಾಕ ತಿರುಗಬೇಕು? ನಾನೂ ವಿಮಲಾಕ್ಷಿ ಹಂಗ, ಎಲ್ಲಿಯಾಕಿನೂ ಅಲ್ಲ.”

ಬೈದೆ. ರಮಿಸಿದೆ. ಏಳು ಹೆಸರನ್ನು ರಾಗವಾಗಿ ಹೇಳಿದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು. ಪಾತ್ರೆ ವಾಪಸು ಕೊಡಲು ಬಂದ ಐಗೆರಿಮಕ್ಕ ಹೊಸ್ತಿಲಲ್ಲಿ ನಿಂತು, “ಏನಪಾ ಫಕ್ಕೀರೇಶಿ, ನೀ ಹೇಳ್ತಿಯೋ, ನಾ ಹೇಳ್ಲೋ?” ಅಂದಳು.

ಹೇಳದೆ ಗತಿ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಹಾಲಿನ ಬಿಸಿಯನ್ನು ಕಿರುಬೆರಳಲ್ಲೇ ಅಳೆಯುತ್ತೇನೆಂದು ನೆಂಟರ ಮುಂದೆ ಪಂಥ ಕಟ್ಟಿ, ಕುದಿ ಆರದ ಹಾಲಿಗೆ ಹೆಪ್ಪು ಹಾಕಿದ್ದೆ. ಒಂದು ಚಮಚ ಎತ್ತಿಡದೆ ಇದ್ದಷ್ಟನ್ನೂ ಸುರಿದಿದ್ದೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು, ಏಳು ತಲೆಮಾರು ಬೆಂದುಹೋಗಿತ್ತು. ಮೊಸರಿಲ್ಲದೆ ಉಣ್ಣದ ಪುಟ್ಟ ತುಂಗವ್ವ ಏಳುವ ಮುಂಚೆ ಪಕ್ಕದ ಮನೆಯ ಹಿತ್ತಲಬಾಗಿಲಿಗೆ ಹೋಗಿ ಅಕ್ಕನ ಹತ್ತಿರ ಒಂದು ಚಮಚ ಬೇಡಿ ತಂದೆ. ಅಂದಿನಿಂದ ತುಂಗವ್ವ ಉಂಡ ಶಿರಹಟ್ಟಿಯ ಮೊಸರೆಲ್ಲ ಕಜಕ್ ಹುಲ್ಲುಗಾವಲಿನದು.

ತುಂಗವ್ವ ನಕ್ಕು ನಕ್ಕು ನೆಲಕ್ಕೆ ಕೂತಳು. “ಮತ್ತ ಇಷ್ಟು ವರ್ಷ ಬಂದವರ ಮುಂದೆಲ್ಲ ಏಳು ತಲಿ ಎಣಿಸ್ತಿದ್ದೆಲ್ಲ?”

“ಎಣಿಕಿ ಸರೀನ ಇತ್ತವ್ವಾ,” ಅಂದೆ. “ಮೊಸರಷ್ಟ ಬ್ಯಾರೆ.”

ಕಣ್ಣೊರೆಸಿಕೊಂಡು ಎದ್ದವಳು ಡಬ್ಬಿ ತೊಳೆದಳು, ಹೆಪ್ಪು ತುಂಬಿಕೊಂಡಳು. “ಶಿರಹಟ್ಟಿದು ಬ್ಯಾಡ ಅಂದಿದ್ದೆ. ಇದು ಬೇಕು. ಇದನ್ನ ನೀ ನನ್ನ ಸಲುವಾಗಿ ಬೇಡಿ ತಂದಿ.” ನಾನು ಸಹಾಯಕ್ಕೆ ಕೈ ಚಾಚಿದರೆ, “ನೀ ಮುಟ್ಟಬ್ಯಾಡ ಕಾಕಾ,” ಎಂದು ಅಕ್ಕನ ಕೈಲೇ ಮುಚ್ಚಳ ಹಾಕಿಸಿದಳು. ಎದೆಗೆ ಕಟ್ಟಿಕೊಂಡು ಹೋದಳು.

ತಾಯಿ, ನಿಮ್ಮ ಮುನ್ನೂರ ಹನ್ನೆರಡು ಪುಟಗಳಲ್ಲಿ ವಿಮಲಾಕ್ಷಿ ಹದಿನಾಲ್ಕು ಸಲ ಕನ್ನಡಿ ನೋಡಿಕೊಳ್ಳುತ್ತಾಳೆ. ಪಕ್ಕದ ಮನೆಯ ಬಾಗಿಲನ್ನು ಒಂದು ಸಲವೂ ತಟ್ಟುವುದಿಲ್ಲ. ಒಂದು ಚಮಚ ಸಕ್ಕರೆ ಹಾಗಿರಲಿ, ಒಂದು ಸೂಜಿಯನ್ನೂ ಅವಳು ಕೇಳಿದವಳಲ್ಲ. ಏಳನೆಯ ತನಕ ಓದಿದವನಿಗೆ ಕಂಡದ್ದು ನಿಮಗೆ ಹೇಗೆ ತಪ್ಪಿತೋ! ನೀವಿನ್ನೂ ಬದುಕಿರುವ ಕಾಲದಲ್ಲಿ ಈ ಕಾಗದ ಕೈಸೇರಿದರೆ ನನ್ನದೊಂದು ಕೋರಿಕೆ. ಮುಂದಿನ ಮುದ್ರಣದಲ್ಲಿ, ಅವಳು ಬಾಗಿಲು ಹಾಕಿಕೊಂಡ ಮೇಲೆ, ಯಾರಾದರೂ ಖಾಲಿ ಬಟ್ಟಲು ಹಿಡಿದು ಬಂದು ತಟ್ಟಲಿ. ಅಷ್ಟು ಸಾಕು. ತೆರೆಯುವುದು ಬಿಡುವುದು ಅವಳಿಗೆ ಬಿಟ್ಟದ್ದು.

ತುಂಗವ್ವನ ಪತ್ರ ನಿನ್ನೆ ಬಂತು. ಅವಳ ಹೆಪ್ಪು ಆಗಲೇ ಆ ಸಾಲಿನ ಐದು ಮನೆ ಸೇರಿದೆಯಂತೆ. ಅಲ್ಲಿಯವರು ಅದನ್ನು ಫಕ್ಕೀರೇಶನ ಮೊಸರು ಎನ್ನುತ್ತಾರಂತೆ. ಯಾಕೆ ಎಂದು ಅವರಿಗೆ ಅವಳು ಪೂರ್ತಿ ಹೇಳಿರಲಾರಳು ಎಂದು ನಂಬಿದ್ದೇನೆ.

ನಾಳೆ ಊರು ನಡೆಯುತ್ತದೆ, ರೊಟ್ಟಿ ಬಡಿಯುವುದಿದೆ. ಹಾಲು ಉಗುರುಬೆಚ್ಚಗೆ ಆಗುವ ತನಕ ಕಾಯಿರಿ ತಾಯಿ. ಬೆರಳನ್ನು ನಂಬಬೇಡಿ.

ಫಕ್ಕೀರೇಶ