ಹದಿಮೂರು ಮಾರ್ಕಿನ ಪ್ರಬಂಧ

ಮಂಡ್ಯ
೧೯೪೧ ಏಪ್ರಿಲ್ ೨, ಬುಧವಾರ

ಬೆಳಗಿನ ಕಾಫಿ — ನಲವತ್ತೆಂಟು. ಬರೀ ನೀರು. ಹೊಂಬಾಳಮ್ಮನಿಗೆ ಹೇಳಿದೆ. ಪಾಸಾಯಿತಲ್ಲ, ಕುಡಿಯಿರಿ ಅಂದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಂಡತಿಗೂ ಯೂನಿವರ್ಸಿಟಿಯ ಲೆಕ್ಕ ಬಾಯಿಪಾಠ. ಮೂವತ್ತೈದಕ್ಕೆ ಪಾಸು, ಐವತ್ತಕ್ಕೆ ಸೆಕೆಂಡ್ ಕ್ಲಾಸ್, ಅರವತ್ತಕ್ಕೆ ಫಸ್ಟ್. ಅರವತ್ತರ ಕಾಫಿ ಈ ಮನೆಯಲ್ಲಿ ಇನ್ನೂ ಆಗಿಲ್ಲ.

ಮಧ್ಯಾಹ್ನದ ಟ್ರೈನಿಗೆ ಮೈಸೂರಿಂದ ಬಂಡಲ್ ಬಂತು. ಇಂಟರ್‌ಮೀಡಿಯೆಟ್ ಕನ್ನಡ ಪತ್ರಿಕೆ. ಹೈಸ್ಕೂಲ್ ಮೇಷ್ಟ್ರಿಗೆ ಯೂನಿವರ್ಸಿಟಿ ಪೇಪರು! ಕಾಲೇಜಿನವರು ಸಾಲಲಿಲ್ಲವಂತೆ, ಎಂ.ಎ. ಆದವರನ್ನೆಲ್ಲ ಹುಡುಕಿ ಕರೆದಿದ್ದಾರೆ... ಇರಲಿ, ಕರೆದರಲ್ಲ. ಅರಗಿನ ಸೀಲನ್ನು ಹಾಳಾಗದಂತೆ ಬಿಡಿಸಿ ಎತ್ತಿಟ್ಟುಕೊಂಡೆ. ಸಂತೋಷಕ್ಕೆ.

ಪರೀಕ್ಷಕ ಯಾರು ಎಂಬುದು ಗುಟ್ಟು. ಹೊಂಬಾಳಮ್ಮನಿಗೆ ಮಾತ್ರ ಗೊತ್ತು. ಇಷ್ಟು ಸಣ್ಣ ಮನೆಯಲ್ಲಿ ಅವಳಿಂದ ಮುಚ್ಚಿಡುವುದೆಲ್ಲಿ. ತವರಲ್ಲೂ ಬಾಯಿ ಬಿಡಕೂಡದು ಎಂದು ಮಾತು ತೆಗೆದುಕೊಂಡಿದ್ದೇನೆ.

ಏಪ್ರಿಲ್ ೪

ನಿರೀಕ್ಷಿಸಿದ್ದೇ ಆಯಿತು. ಅನ್ನ ಬಡಿಸುತ್ತಾ ಕೇಳಿಯೇಬಿಟ್ಟಳು. ಅವಳ ತಮ್ಮ ರೇವಣ್ಣ ಈ ಸಲ ಇದೇ ಪರೀಕ್ಷೆಗೆ ಕೂತವನು. ಅವನ ಪೇಪರು ನಿಮ್ಮಲ್ಲಿಗೆ ಬಂದಿದೆಯಾ?

ಪೇಪರಿನ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ ಅಂದೆ. ಅವನ ನಂಬರು ನನಗೆ ಗೊತ್ತಿಲ್ಲ, ಯಾರೂ ಹೇಳುವುದೂ ಬೇಡ ಅಂದೆ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದಿದ ಹುಡುಗ, ಅವನ ಅಕ್ಷರವೂ ನನಗೆ ಪರಿಚಯವಿಲ್ಲ. ಮಗನೋ ತಮ್ಮನೋ ಪರೀಕ್ಷೆಗೆ ಕೂತಿದ್ದರೆ ಈ ಕೆಲಸ ಒಪ್ಪಬಾರದು ಎಂದು ನಿಯಮ. ಹೆಂಡತಿಯ ತಮ್ಮನ ಸುದ್ದಿ ಅದರಲ್ಲಿಲ್ಲ.

ಮುಖ ಊದಿಸಿಕೊಂಡಿದ್ದಾಳೆ. ಅವಳ ಸಂಕಟ ನನಗೆ ತಿಳಿಯದ್ದೇನಲ್ಲ. ರೇವಣ್ಣನಿಗೆ ಡಾಕ್ಟರಾಗುವ ಹುಚ್ಚು. ಮೆಡಿಕಲ್ ಸೇರಲು ಸೆಕೆಂಡ್ ಕ್ಲಾಸಾದರೂ ಬೇಕು. ಇನ್ನು ಅವಳ ತವರು ದುದ್ದದಲ್ಲಿ ಮಾವ ದೊಡ್ಡಸಿದ್ದಯ್ಯನವರು ಹೋದ ತಿಂಗಳೇ ತೀರ್ಮಾನ ಮಾಡಿಬಿಟ್ಟಿದ್ದಾರೆ. “ಕಿಲಾಸ್ ಬಂದ್ರೆ ಓದ್ಲಿ. ಬರ್ನಿಲ್ವಾ, ಕಬ್ಬಿನ್ ಗದ್ದೆ ನೋಡ್ಕೊಳ್ಳಿ.” ಅವರ ಮಾತು ಅಂದರೆ ಮುಗಿಯಿತು.

ಸಾರು — ಐವತ್ತೆರಡು. ಕೋಪದಲ್ಲಿ ಮಾಡಿದ ಸಾರು ಯಾವಾಗಲೂ ಚೆನ್ನಾಗಿರುತ್ತದೆ. ಹೇಳಲಿಲ್ಲ.

ಏಪ್ರಿಲ್ ೯

ಕೆಲಸ ಸಾಗಿದೆ. ಕೈ ಬಿಗಿ ಬೇಡ ಎಂದು ಮುಖ್ಯ ಪರೀಕ್ಷಕರು ಸೂಚನೆ ಬರೆದಿದ್ದಾರೆ. ಓದಿ ಮಡಿಸಿಟ್ಟೆ. ಮಟ್ಟ ಎಂಬುದೊಂದು ಬೇಡವೇ?

ಪ್ರಬಂಧಕ್ಕೆ ಇಪ್ಪತ್ತೈದು ಮಾರ್ಕು. ವಿಷಯ — ನಾನು ಹತ್ತಿರದಿಂದ ಕಂಡ ವ್ಯಕ್ತಿ. ಎಲ್ಲರೂ ತಾತನನ್ನೇ ಕಂಡಿದ್ದಾರೆ. ಎಲ್ಲರ ತಾತನಿಗೂ ಬಿಳಿ ಮೀಸೆ, ಎಲ್ಲರೂ ನ್ಯಾಯವಂತರು. ಈ ರಾಜ್ಯದಲ್ಲಿ ಒಬ್ಬನಾದರೂ ಪೋಲಿ ತಾತ ಇಲ್ಲವೇ? ಹನ್ನೊಂದು, ಹನ್ನೆರಡು, ಒಂಬತ್ತು. ಒಬ್ಬನಿಗೆ ಹದಿನೈದು ಹಾಕಿದೆ. ಆಮೇಲೆ ಯೋಚಿಸಿ ಹದಿನಾಲ್ಕು ಮಾಡಿದೆ.

ಏಪ್ರಿಲ್ ೧೨, ಶನಿವಾರ

ಏನೂ ತೋಚುತ್ತಿಲ್ಲ. ಬರೆದರೆ ತಿಳಿಯಾಗಬಹುದು.

ಮಧ್ಯಾಹ್ನ ಒಂದು ಪೇಪರು. ಮಿಕ್ಕ ಪ್ರಶ್ನೆಗಳೆಲ್ಲ ನೋಡಿ ಮೂವತ್ತೆಂಟು ಹಾಕಿದ್ದೆ. ಕೊನೆಗೆ ಪ್ರಬಂಧ. ತಾತ ಅಲ್ಲ, ಸದ್ಯ. ಒಬ್ಬ ಮೇಷ್ಟ್ರು. ಮನೆಯಲ್ಲಿ ಸಾರಿಗೂ ಮಾರ್ಕು ಹಾಕುವ ಮೇಷ್ಟ್ರು. ಕ್ಷೌರದವನಿಗೆ ನಲವತ್ತು, ಮಳೆಗೆ ಐವತ್ತೈದು. ಹೆಂಡತಿ ಬರೆದ ಸಂತೆಯ ಚೀಟಿಯನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿಯೇ ಅಂಗಡಿಗೆ ಹೋಗುವವರು.

ಯಾರಪ್ಪ ಈ ವಿಚಿತ್ರ ಮನುಷ್ಯ ಅಂತ ನಕ್ಕೆ. ನಕ್ಕು ಮುಗಿಯುವ ಹೊತ್ತಿಗೆ ಗೊತ್ತಾಯಿತು.

ಮುಂದೆ ಓದಿದೆ. ತನಗೆ ಟೈಫಾಯಿಡ್ ಬಂದು ಅಕ್ಕನ ಮನೆಯಲ್ಲಿ ಮಲಗಿದ್ದಾಗ ಈ ಮೇಷ್ಟ್ರು ಹಗಲೆಲ್ಲ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದರಂತೆ. ಜ್ವರದಲ್ಲಿ ಬಡಬಡಿಸಿದ ವಾಕ್ಯಗಳನ್ನೂ ತಿದ್ದಿದರಂತೆ. ಎಂ.ಎ.ಯಲ್ಲಿ ಅವರಿಗೆ ಒಂದೇ ಮಾರ್ಕಿನಲ್ಲಿ ಸೆಕೆಂಡ್ ಕ್ಲಾಸ್ ತಪ್ಪಿತಂತೆ, ಅದಕ್ಕೇ ಕಾಲೇಜಿನ ಕೆಲಸ ಸಿಗಲಿಲ್ಲವಂತೆ. ಮನೆಯವರೆಲ್ಲರಿಗೂ ಅದು ಗೊತ್ತು, ಅವರು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಆದ್ದರಿಂದ ನಾವೂ ಗೊತ್ತಿಲ್ಲದ ಹಾಗೆಯೇ ಇದ್ದೇವೆ, ಅಂತ ಬರೆದಿದ್ದಾನೆ.

ಕಡೆಯ ಸಾಲು ಇಲ್ಲೇ ಬರೆದಿಡುತ್ತೇನೆ — “ಅವರಿಗೆ ನಾನು ಪರೀಕ್ಷಕನಾದರೆ ಎಪ್ಪತ್ತು ಹಾಕುತ್ತೇನೆ. ನೂರು ಹಾಕುವುದಿಲ್ಲ, ಅವರೇ ಒಪ್ಪುವುದಿಲ್ಲ.”

ಎದ್ದು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡೆ. ಹೊಂಬಾಳಮ್ಮ ಏನಾಯ್ತು ಅಂದಳು. ಧೂಳು ಅಂದೆ.

ಏಪ್ರಿಲ್ ೧೩

ಮಾರ್ಕು ಹಾಕಲಾಗುತ್ತಿಲ್ಲ.

ಬೇರೆ ಯಾರದ್ದಾಗಿದ್ದರೂ ಹದಿಮೂರು ಹಾಕುತ್ತಿದ್ದೆ. ಒಟ್ಟು ಐವತ್ತೊಂದು. ಪೆನ್ಸಿಲಿನಲ್ಲಿ ಬರೆದೆ. ಆಮೇಲೆ ಸಂತೆ ಚೀಟಿಯ ಮಾತು ಓದಿ ಕೋಪ ಬಂತು, ಹನ್ನೊಂದು ಮಾಡಿದೆ. ಗಂಜಿಯ ಮಾತು ಓದಿ ಹದಿನೆಂಟು ಮಾಡಿದೆ. ನನ್ನ ಬಗ್ಗೆಯೇ ಬರೆದದ್ದಕ್ಕೆ ನಾನೇ ಹದಿನೆಂಟೇ? ನಾಚಿಕೆಯಾಯಿತು. ಎಲ್ಲ ಅಳಿಸಿದೆ. ಹಾಳೆ ತೆಳ್ಳಗಾಗಿದೆ.

ಗುರುತು ಸಿಕ್ಕ ಪೇಪರನ್ನು ವಾಪಸು ಕಳಿಸಬೇಕು. ಸರಿ. ಆದರೆ ಇನ್ನೊಂದು ನಿಯಮವೂ ಇದೆ — ಪರೀಕ್ಷಕನಿಗೆ ತನ್ನ ಗುರುತು ಸಿಗಲೆಂದು ಬರೆದವನ ಪೇಪರು ರದ್ದು. ಆ ಹುಡುಗನಿಗೆ ನಾನು ಪರೀಕ್ಷಕನೆಂದು ಹೇಗೆ ಗೊತ್ತಿರಬೇಕು? ನನಗೇ ಪರೀಕ್ಷೆ ಮುಗಿದ ಮೇಲೆ ಗೊತ್ತಾದದ್ದು. ಆದರೆ ಮೈಸೂರಿನಲ್ಲಿ ಇದನ್ನು ನಂಬುವರೇ? ಕಳಿಸಿದರೆ ಹುಡುಗನಿಗೆ ಕಂಟಕ. ಇಟ್ಟುಕೊಂಡು ಬಾಯಿಮುಚ್ಚಿ ಹದಿಮೂರು ಹಾಕಿದರೆ ಯಾರಿಗೂ ತಿಳಿಯದು. ನನಗೆ ತಿಳಿಯುತ್ತದಲ್ಲ.

ಊಟ ಸೇರಲಿಲ್ಲ.

ಏಪ್ರಿಲ್ ೧೪

ಹೊಂಬಾಳಮ್ಮ ಹಿಡಿದು ಕೂರಿಸಿದಳು. ತಮ್ಮನ ಪೇಪರು ಸಿಕ್ಕಿದೆ ಎಂದು ನನ್ನ ಮುಖ ನೋಡಿಯೇ ಕಂಡುಕೊಂಡಿದ್ದಾಳೆ. ಜಾಸ್ತಿ ಹಾಕಿ ಎಂದು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

“ನೀವು ಜಾಸ್ತಿ ಆಕ್‌ಬೇಡಿ. ಆಮ್ಯಾಕೆ ಜೀವ್ಮಾನೆಲ್ಲ ಅದ್ನೇ ಯೋಚ್ನೆ ಮಾಡ್ತೀರಿ, ನಂಗೊತ್ತು. ಕಮ್ಮೀನೂ ಆಕ್‌ಬೇಡಿ. ನಿಮ್ಮನ್ನ ಕಂಡ್ರೆ ಅವ್ನಿಗೆ ಜೀವ ಕಣ್ರೀ.”

ಹಾಗಾದರೆ ಏನು ಮಾಡಲಿ ಅಂದೆ. ಓದಿದವರು ನೀವು, ನನ್ನನ್ನು ಕೇಳುತ್ತೀರಲ್ಲ ಅಂದು ರಾಗಿ ಬೀಸಲು ಹೋದಳು.

ನಾಳೆ ಮೈಸೂರಿಗೆ.

ಏಪ್ರಿಲ್ ೧೫, ಸಂಜೆ, ಟ್ರೈನಿನಲ್ಲಿ

ಮುಖ್ಯ ಪರೀಕ್ಷಕರ ಮನೆ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ವಯಸ್ಸಾದವರು, ಕಟ್ಟುನಿಟ್ಟು ಎಂದು ಹೆಸರು. ಇದು ನಿಮ್ಮ ಭಾವಮೈದುನನದೇ ಎಂದು ಹೇಗೆ ಗೊತ್ತು ಅಂದರು. ಪ್ರಬಂಧದಲ್ಲಿರುವ ಮನುಷ್ಯ ನಾನೇ ಅಂದೆ.

ಓದಲು ಶುರುಮಾಡಿದರು. ಸಂತೆ ಚೀಟಿಯ ಹತ್ತಿರ ಹೆಗಲು ಕುಣಿಯಿತು. ಜ್ವರದ ಹತ್ತಿರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗುವಿಗೋ ಏನೋ. ಮುಗಿಸಿ ಹೇಳಿದರು — “ಇವನು ನಿಮಗೆ ಗುರುತು ಸಿಗಲಿ ಅಂತ ಬರೆದವನಲ್ಲ. ನಿಮ್ಮ ಕೈಗೆ ಸಿಗುತ್ತೆ ಅಂತ ಗೊತ್ತಿದ್ದರೆ ಇಷ್ಟು ಧೈರ್ಯವಾಗಿ ಬರೀತಿರಲಿಲ್ಲ.”

ಎಷ್ಟು ಹಾಕಿದ್ದಿರಿ ಅಂದರು. ಅಳಿಸಿದ್ದೇನೆ ಅಂದೆ. ಇನ್ನು ನನ್ನ ಜವಾಬ್ದಾರಿ, ಇಡೀ ಪೇಪರು ನಾನೇ ನೋಡುತ್ತೇನೆ ಅಂದರು. ಕಾಫಿ ಕೊಡಿಸಿದರು. ಅರವತ್ತೆರಡು!

ಎದೆ ಹಗುರಾಗಿದೆ. ಶ್ರೀರಂಗಪಟ್ಟಣ ದಾಟಿತು. ಹಸಿರು ಕಬ್ಬು, ಸಂಜೆ ಗಾಳಿ. ಪಾಸೋ ಫೇಲೋ ಎಂಬ ಹೆದರಿಕೆ ಹುಡುಗನಿಗೆ ಬಿಟ್ಟಿದ್ದು, ನನ್ನ ಪಾಲಿನದು ಮುಗಿಯಿತು. ಹೊಂಬಾಳಮ್ಮನಿಗೆ ಮಲ್ಲಿಗೆ ತೆಗೆದುಕೊಂಡಿದ್ದೇನೆ.

ಮೇ ೨೯

ರಿಸಲ್ಟ್. ರೇವಣ್ಣ — ಸೆಕೆಂಡ್ ಕ್ಲಾಸ್.

ಹೊಂಬಾಳಮ್ಮ ಸುದ್ದಿಪತ್ರಿಕೆಯ ಆ ತುಣುಕು ಕತ್ತರಿಸಿ ದೇವರ ಮುಂದೆ ಇಟ್ಟಿದ್ದಾಳೆ. ಮಾವ ದುದ್ದದಿಂದ ಗಾಡಿಯಲ್ಲಿ ಬಂದು ನನ್ನನ್ನೇ ನೋಡುತ್ತಾ ಕೂತರು. “ಓದ್ಲಿ ಬುಡಿ,” ಅಂದರು. ಅಷ್ಟೇ. ಅವರ ಬಾಯಲ್ಲಿ ಅದು ದೊಡ್ಡ ಭಾಷಣ.

ಜೂನ್ ೨೨, ಭಾನುವಾರ

ರೇವಣ್ಣ ಮಾರ್ಕ್ಸ್ ಕಾರ್ಡು ಹಿಡಿದು ಬಂದ. ಮೆಡಿಕಲ್ ಸೀಟು ಸಿಕ್ಕಿದೆ. ಇಡ್ಲಿ ತಿನ್ನುತ್ತಾ ಕಾರ್ಡು ನನ್ನ ಮುಂದೆ ಹಿಡಿದ. ಆರುನೂರಕ್ಕೆ ಮುನ್ನೂರಮೂರು. ಕ್ಲಾಸಿಗೆ ಮುನ್ನೂರು ಬೇಕು. ಕನ್ನಡ — ಐವತ್ತೇಳು.

“ಕನ್ನಡದಲ್ಲಿ ಯಾವನೋ ಪುಣ್ಯಾತ್ಮ ಸಿಕ್ಕವ್ನೆ ಭಾವ. ನೀವೇನಾರ ಸಿಕ್ಕಿದ್ರೆ ನಾನು ಈಗ ಗದ್ದೇಲಿರ್ತಿದ್ದೆ.”

ಹೊಂಬಾಳಮ್ಮ ಒಳಗೆ ಪಾತ್ರೆ ಸದ್ದು ಮಾಡಿದಳು. ನಾನೂ ನಕ್ಕೆ. ಅವನ ಖುಷಿ ನೋಡಿ ನಿಜವಾಗಿಯೂ ಹೊಟ್ಟೆ ತುಂಬಿತು.

ಅವನು ಹೋದ ಮೇಲೆ ಲೆಕ್ಕ ಹಾಕಿದೆ. ಹಾಕಬಾರದಿತ್ತು. ನನ್ನ ಐವತ್ತೊಂದು ಇದ್ದಿದ್ದರೆ ಒಟ್ಟು ಇನ್ನೂರತೊಂಬತ್ತೇಳು. ದ್ವೇಷದ ಮಾರ್ಕಲ್ಲ ಅದು, ಪ್ರೀತಿಯದೂ ಅಲ್ಲ. ಎಲ್ಲರಿಗೂ ಹಾಕುತ್ತಿದ್ದ ನ್ಯಾಯವಾದ ಮಾರ್ಕು. ಆ ಬಂಡಲಿನಲ್ಲಿ ಮಿಕ್ಕವರಿಗೆಲ್ಲ ಹಾಗೇ ಹಾಕಿ ಕಳಿಸಿದ್ದೇನೆ. ಅವರಲ್ಲಿ ಎಷ್ಟು ಮಂದಿ ಈಗ ಗದ್ದೆಯಲ್ಲಿದ್ದಾರೋ. ಅವರ ಪೇಪರು ಹಿಡಿದು ಮೈಸೂರಿಗೆ ಹೋಗಲು ಅವರಿಗೊಬ್ಬ ಭಾವ ಇರಲಿಲ್ಲ.

ರಾತ್ರಿ ಊಟಕ್ಕೆ ಹುರುಳಿ ಸಾರು. ಹೊಂಬಾಳಮ್ಮ ಎಷ್ಟು ಅಂದಳು. ಅರವತ್ತು ಅಂದೆ. ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಬಂದಿದೆಯಾ ಎಂದು.

೧೯೪೨ ಏಪ್ರಿಲ್ ೭

ಮತ್ತೆ ಬಂಡಲ್. ಮತ್ತೆ ಕರೆದರಲ್ಲ ಎಂದು ಖುಷಿ. ಈ ಸಲ, ಕೈ ಬಿಗಿ ಬೇಡ ಎಂಬ ಮುಖ್ಯ ಪರೀಕ್ಷಕರ ಸೂಚನೆಯನ್ನು ಮಡಿಸಿಡಲಿಲ್ಲ, ಮೇಜಿನ ಮೇಲೆ ಕಲ್ಲು ಹೇರಿಟ್ಟಿದ್ದೇನೆ. ರೇವಣ್ಣ ಮೈಸೂರಿನಲ್ಲಿ ಹೆಣ ಕೊಯ್ಯುತ್ತಿದ್ದಾನಂತೆ, ಅಕ್ಕನಿಗೆ ಕಾಗದ ಬರೆದು ಅನ್ನ ಸೇರದಂತೆ ಮಾಡಿದ್ದಾನೆ.

ಮೊದಲ ಪೇಪರು. ನಂಬರು ಮಾತ್ರ, ಯಾರೋ ಏನೋ. ಪ್ರಬಂಧ — ಮದ್ದೂರು ಸ್ಟೇಷನ್ನಿನಲ್ಲಿ ಮೊಸರು ಮಾರುವ ತನ್ನ ತಾಯಿಯ ಬಗ್ಗೆ. ಹದಿಮೂರು ಹಾಕಿದೆ. ಎರಡನೆಯ ಪೇಪರು ಎತ್ತಿಕೊಂಡೆ. ಕೆಳಗಿಟ್ಟೆ.

ಮೊದಲಿನದನ್ನೇ ಮತ್ತೆ ಓದಿದೆ, ನಿಧಾನವಾಗಿ. ಕಾಫಿ ಆರುತ್ತಿದೆ, ಹೊಂಬಾಳಮ್ಮ ಕೂಗುತ್ತಿದ್ದಾಳೆ. ಹದಿಮೂರು ಅಳಿಸಿದೆ. ಹದಿ —